ಬೆಟ್ಟದೂರಿನ ಫುಡ್ ವಾಕ್: ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಟ್ಟದ ಮೇಲಿನ ಪುಟ್ಟ ಊರಿನಲ್ಲಿ ಏಳೆಂಟು ಜನರನ್ನು ನಡೆಸಿಕೊಂಡು ಹೋಗಿ, ಅಲ್ಲಲ್ಲಿ ನಿಲ್ಲಿಸಿ ತಿನ್ನಿಸುವುದು ನನ್ನ ಕೆಲಸ. ಬುಕ್ ಮಾಡುವ ಮುಂಚೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಯಾವ ಬೆಟ್ಟದೂರಿಗೆ ಹೋದರೂ ಉತ್ತರ ಅಷ್ಟೇನೂ ಬದಲಾಗುವುದಿಲ್ಲ. ಇಂಥ ಊರುಗಳಲ್ಲಿ ಏನು ತಿನ್ನಬೇಕು, ಯಾವಾಗ, ಎಷ್ಟು ಅನ್ನುವುದನ್ನು ಗೈಡ್‌ಗಿಂತ ಜಾಸ್ತಿ ಏರು ದಾರಿಯೇ ತೀರ್ಮಾನ ಮಾಡುತ್ತದೆ.

ಫುಡ್ ವಾಕ್ ಅಂದ್ರೆ ಏನು? ಸುಮ್ನೆ ಹೋಟೆಲ್ ಹೋಟೆಲ್ ತಿರುಗೋದಾ?

ಅಲ್ಲ. ಸಾಮಾನ್ಯವಾಗಿ ಐದಾರು ಕಡೆ ನಿಲ್ಲುತ್ತೇವೆ. ಒಂದು ಬೇಕರಿ ಇರಬಹುದು, ಒಂದು ಚಹಾದಂಗಡಿ, ಒಂದು ಸಂತೆಕಟ್ಟೆ, ಒಂದು ಮನೆಯ ಅಡುಗೆಕೋಣೆ. ಪ್ರತಿ ಕಡೆ ನಾಲ್ಕೈದು ತುತ್ತು, ಅಷ್ಟೇ. ನಡುನಡುವೆ ನಡಿಗೆ. ಒಟ್ಟು ಎರಡೂವರೆಯಿಂದ ಮೂರೂವರೆ ಗಂಟೆ ಹಿಡಿಯುತ್ತದೆ. ದೊಡ್ಡ ನಗರದಲ್ಲಾದರೆ ಒಂದು ಅಂಗಡಿ ಮುಚ್ಚಿದ್ದರೆ ಪಕ್ಕದ್ದಕ್ಕೆ ಹೋಗಬಹುದು. ಸಣ್ಣ ಊರಿನಲ್ಲಿ ಆ ಪಕ್ಕದ್ದು ಅನ್ನುವುದೇ ಇರುವುದಿಲ್ಲ. ಒಂದು ಪದಾರ್ಥವನ್ನು ಚೆನ್ನಾಗಿ ಮಾಡುವವರು ಊರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಅವರಿಗೆ ಜ್ವರ ಬಂದರೆ ಆ ದಿನ ಆ ತಿಂಡಿ ಇಲ್ಲ. ಪಟ್ಟಿಯಲ್ಲಿ ಬರೆದದ್ದೆಲ್ಲ ಸಿಕ್ಕೇ ಸಿಗುತ್ತದೆ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ನನಗಂತೂ ಅನುಮಾನ ಬರುತ್ತದೆ.

ಎಷ್ಟು ದೂರ ನಡೀಬೇಕು? ಎರಡು ಕಿಲೋಮೀಟರ್ ಅಂತ ಹಾಕಿದ್ದೀರಿ, ಅದೇನು ಮಹಾ ಅಲ್ವಾ?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಫೋನಿನ ಮ್ಯಾಪಿನಲ್ಲಂತೂ ಇನ್ನೂ ನುಣ್ಣಗೆ, ಪೂರ್ತಿ ಚಪ್ಪಟೆ. ಬೆಟ್ಟದಲ್ಲಿ ಕೇಳಬೇಕಾದದ್ದು ಎಷ್ಟು ದೂರ ಅಂತಲ್ಲ, ಎಷ್ಟು ಏರು ಅಂತ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸುಲಭದ ಲೆಕ್ಕ ಹೇಳಿದ್ದರು. ಇವತ್ತಿಗೂ ಬೆಟ್ಟ ಹತ್ತುವವರು ಅದನ್ನೇ ಬಳಸುತ್ತಾರೆ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಎರಡು ಕಿಲೋಮೀಟರಿನಲ್ಲಿ 200 ಮೀಟರ್ ಏರಿದೆ ಅಂದುಕೊಳ್ಳಿ. ನಡೆಯಲು 24 ನಿಮಿಷ, ಏರಿಗೆ 20 ನಿಮಿಷ. ಏರು ದಾರಿ ಹೆಚ್ಚುಕಮ್ಮಿ ಇನ್ನೊಂದು ನಡಿಗೆಯನ್ನೇ ಸೇರಿಸಿಬಿಟ್ಟಿತು ನೋಡಿ. ಅದೂ ನೇಸ್ಮಿತ್ ಲೆಕ್ಕ ಹಾಕಿದ್ದು ಗಟ್ಟಿಮುಟ್ಟಾದವರಿಗೆ. ಹೊಟ್ಟೆ ತುಂಬಿದವರಿಗಲ್ಲ. ನಾನು ಅದರ ದುಪ್ಪಟ್ಟು ಸಮಯ ಇಟ್ಟುಕೊಳ್ಳುತ್ತೇನೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಬರಬಹುದಾ? ಅಮ್ಮನಿಗೆ ಮಂಡಿ ನೋವು.

ಬರಬಹುದು, ಆದರೆ ಮೊದಲೇ ಹೇಳಿ. ಎಲ್ಲರೂ ಏರುವುದಕ್ಕೆ ಹೆದರುತ್ತಾರೆ. ಮಂಡಿಗೆ ನಿಜವಾಗಿ ಕಷ್ಟ ಇಳಿಯುವಾಗ. ಹತ್ತುವಾಗ ಏದುಸಿರು ಬರುತ್ತದೆ, ನಿಂತರೆ ಹೋಗುತ್ತದೆ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಅದರ ನೋವು ಆಗಲೇ ಗೊತ್ತಾಗುವುದೂ ಇಲ್ಲ. ಮಾರನೇ ದಿನದ ಹೊತ್ತಿಗೆ ಶುರುವಾಗಿ ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ, ಆಗ ನೀವು ಮನೆಯಲ್ಲಿರುತ್ತೀರಿ.

ಮಂಡಿ ನೋವಿದ್ದವರಿಗೆ ನನ್ನ ಸಲಹೆ ಹತ್ತಿ ಹೋಗಿ ಗಾಡಿಯಲ್ಲಿ ಇಳಿಯುವುದು. ಜನ ಮಾಡುವುದು ಇದರ ಉಲ್ಟಾ. ಒಂದು ಊರುಗೋಲು ತಂದರೆ ಇನ್ನೂ ಒಳ್ಳೆಯದು. ವೀಲ್‌ಚೇರಿನಲ್ಲಿ ಬರುವವರಿಗೆ ಮೆಟ್ಟಿಲಿರುವ ದಾರಿ ಆಗುವುದಿಲ್ಲ. ಹೇಗೋ ಮಾಡೋಣ ಎಂದು ಸುಳ್ಳು ಹೇಳುವುದಕ್ಕಿಂತ, ಮಟ್ಟಸವಾದ ಒಂದೇ ಬೀದಿಯಲ್ಲಿ ಬೇರೆ ವಾಕ್ ಮಾಡುವುದು ಮೇಲು. ನಿಮ್ಮ ಗೈಡ್‌ಗೆ ಹಾಗೇ ಕೇಳಿ.

ತಿಂದು ಬರಬೇಕಾ, ಹೊಟ್ಟೆ ಖಾಲಿ ಇಟ್ಕೊಂಡು ಬರಬೇಕಾ?

ಎರಡೂ ಬೇಡ. ಉಪವಾಸ ಇದ್ದು ಬಂದವರು ಮೊದಲ ಅಂಗಡಿಯಲ್ಲೇ ಹೊಟ್ಟೆ ಬಿರಿಯ ತಿಂದು, ಮೂರನೆಯದರಲ್ಲಿ ಬೆಂಚು ಹುಡುಕುತ್ತಾರೆ. ಎರಡು ಗಂಟೆ ಮೊದಲು ಹಗುರವಾಗಿ ಏನಾದರೂ ತಿನ್ನಿ.

ಅದೇ ದಿನ ತಿರುವುಗಳ ರಸ್ತೆಯಲ್ಲಿ ಬೆಟ್ಟ ಹತ್ತಿ ಬರುವವರಾದರೆ ಇನ್ನೂ ಜಾಗ್ರತೆ. ಗಾಡಿಯಲ್ಲಿ ಮುಂದಿನ ಸೀಟು ಹಿಡಿಯಿರಿ, ಫೋನ್ ನೋಡಬೇಡಿ, ದೂರಕ್ಕೆ ಕಣ್ಣಿಡಿ. ವಾಂತಿ ತಡೆಯುವ ಮಾತ್ರೆ ತೆಗೆದುಕೊಳ್ಳುವುದಿದ್ದರೆ ಹೊರಡುವ ಅರ್ಧ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅಷ್ಟು ಪ್ರಯೋಜನವಿಲ್ಲ. ಅಂಥ ಮಾತ್ರೆಗಳಲ್ಲಿ ಹಲವು ನಿದ್ದೆ ಬರಿಸುತ್ತವೆ ಅನ್ನುವುದೂ ನೆನಪಿರಲಿ. ತೂಕಡಿಸುತ್ತ ಮೆಟ್ಟಿಲಿಳಿಯುವುದು ಬೇಡ. ಗಾಡಿಯಿಂದ ಇಳಿದು ನೇರ ವಾಕಿಗೆ ಬರುವ ಬದಲು ಒಂದು ಗಂಟೆ ಕೂತು ಬನ್ನಿ.

ನಾಲ್ಕು ತುತ್ತು ಅಂತೀರಿ, ಹೊಟ್ಟೆ ತುಂಬುತ್ತಾ?

ತುಂಬುತ್ತದೆ. ಈ ಪ್ರಶ್ನೆ ಕೇಳಿದವರೇ ಕೊನೆಗೆ ಸಾಕಪ್ಪಾ ಸಾಕು ಅನ್ನುವುದು.

ನಾನು ಮೊದಮೊದಲು ದಾರಿ ಗೊತ್ತುಮಾಡಿದಾಗ ಒಂದು ತಪ್ಪು ಮಾಡಿದ್ದೆ. ಊಟದಷ್ಟೇ ಭಾರದ ಪದಾರ್ಥವನ್ನು ಎರಡನೇ ನಿಲ್ದಾಣದಲ್ಲಿ ಇಟ್ಟಿದ್ದೆ. ಅದು ಮುಗಿದ ಕೂಡಲೇ 140 ಮೆಟ್ಟಿಲು. ಅರವತ್ತನೇ ಮೆಟ್ಟಿಲಿಗೆ ಇಡೀ ಗುಂಪು ಗೋಡೆಗೆ ಒರಗಿ ನಿಂತಿತು. ಒಬ್ಬರು ತೇಗುತ್ತ, "ಮೇಲೆ ಏನಿದೆ?" ಎಂದು ಕೇಳಿದರು. "ಇನ್ನೊಂದು ತಿಂಡಿ" ಅಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಮಾರನೇ ದಿನವೇ ದಾರಿ ತಿರುಗಿಸಿದೆ. ಈಗ ಏರಿನ ಮೊದಲು ಹುಳಿ, ಖಾರ, ಬಿಸಿ ಚಹಾ. ಏರು ಮುಗಿದ ಮೇಲೆ ಭಾರದ್ದು. ಇಳಿಜಾರಿನ ಕೊನೆಗೆ ಸಿಹಿ. ಊರು ಯಾವುದಾದರೂ ಒಳ್ಳೆಯ ವಾಕಿನ ಗುಟ್ಟು ಹೀಗೇ ಇರುತ್ತದೆ, ಗಮನಿಸಿ ನೋಡಿ.

ಬೆಟ್ಟದ ಮೇಲೆ ಅಡುಗೆಗೆ ಯಾಕೆ ಅಷ್ಟೊತ್ತು? ರುಚಿನೂ ಬೇರೆ ಇರುತ್ತಲ್ಲ?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಬೆಟ್ಟದ ಮೇಲೆ ಬೇಳೆ ಬೇಯುವುದಿಲ್ಲ ಅನ್ನುವುದು ಬರೀ ಮಾತಲ್ಲ, ಅಕ್ಷರಶಃ ನಿಜ.

ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ, ಅಂದರೆ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿ. ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 1,500 ಮೀಟರ್ ಎತ್ತರದ ಊರಿನಲ್ಲಿ 95ರ ಹತ್ತಿರ, 3,000 ಮೀಟರಿನಲ್ಲಿ 90. ಪಾತ್ರೆಯಲ್ಲಿ ನೀರು ಕೊತಕೊತ ಅನ್ನುತ್ತಿರುತ್ತದೆ, ಒಳಗಿನ ಕಾಳು ಮಾತ್ರ ಕಲ್ಲಿನ ಹಾಗೇ ಇರುತ್ತದೆ. ಉರಿ ಎಷ್ಟು ಜೋರು ಮಾಡಿದರೂ ನೀರು ಆವಿಯಾಗುತ್ತದೆಯೇ ಹೊರತು ಬಿಸಿ ಏರುವುದಿಲ್ಲ.

ಒಬ್ಬ ಅಜ್ಜಿಯ ಅಡುಗೆಕೋಣೆಗೆ ನಾವು ಹೋಗುತ್ತೇವೆ. ಅವರ ತಪ್ಪಲೆಯ ಮುಚ್ಚಳದ ಮೇಲೆ ಒಂದು ಕಲ್ಲು ಇರುತ್ತದೆ. ನದಿಯಲ್ಲಿ ಉರುಳಿ ನುಣುಪಾದ ಕಲ್ಲು, ಅಂಗೈ ಅಗಲ, ಒಂದು ಬದಿ ಮಸಿ ಹಿಡಿದಿದೆ. ಹಬೆ ಆಚೆ ಹೋಗದಿರಲಿ ಎಂದು ಇಟ್ಟದ್ದು. ಅದರಿಂದ ಒತ್ತಡ ಏರುವುದು ತೀರಾ ಅಷ್ಟಿಷ್ಟು. ಕುಕ್ಕರ್ ಇಟ್ಟರೆ ಒಳಗೆ 100 ಡಿಗ್ರಿ ದಾಟುತ್ತದೆ, ಕಾಳು ಬೇಗ ಬೇಯುತ್ತದೆ. ಅವರ ಮನೆಯಲ್ಲಿ ಕುಕ್ಕರೂ ಇದೆ. ಆದರೆ ವಾಕಿನ ದಿನ ತಪ್ಪಲೆಯೇ. ರಾತ್ರಿ ನೆನೆಹಾಕಿ, ಬೆಳಗಿನ ಜಾವ ಒಲೆಗಿಟ್ಟು, ನಾವು ಹೋಗುವ ಹೊತ್ತಿಗೆ ಕಾಳು ಬೆರಳಲ್ಲಿ ಹಿಸುಕಿದರೆ ಬೆಣ್ಣೆ. ಆ ನಾಲ್ಕು ಗಂಟೆ ಸಣ್ಣ ಉರಿಯ ರುಚಿ ಬೇರೆ ಎಂದು ಅವರ ವಾದ. ಒಪ್ಪುತ್ತೇನೆ.

ಬೇಕರಿಯವರ ಕಥೆ ಬೇರೆ. ಗಾಳಿಯ ಒತ್ತಡ ಕಮ್ಮಿ ಇರುವುದರಿಂದ ಹಿಟ್ಟು ಬೇಗ ಉಬ್ಬುತ್ತದೆ, ಉಬ್ಬಿದ್ದು ಕುಸಿಯುವುದೂ ಬೇಗ. ಹಾಗಾಗಿ ಈಸ್ಟ್ ಕಮ್ಮಿ ಹಾಕುತ್ತಾರೆ. ಕರಿಯುವವರು ಎಣ್ಣೆಯ ಕಾವು ಸ್ವಲ್ಪ ತಗ್ಗಿಸುತ್ತಾರೆ, ಇಲ್ಲದಿದ್ದರೆ ಹೊರಗೆ ಕಪ್ಪು, ಒಳಗೆ ಹಸಿ. ಚಹಾ ಕೂಡ ಹಾಗೇ. ಸುಮ್ನೆ ಬಿಸಿನೀರಿನಲ್ಲಿ ಎಲೆ ಅದ್ದಿದರೆ ಸಪ್ಪೆ. ಎಲೆ ಹಾಕಿ ಚೆನ್ನಾಗಿ ಕುದಿಸಬೇಕು.

ಇನ್ನು ಒಣಗಿಸಿದ ಮಾಂಸ, ಗಟ್ಟಿ ಚೀಸ್, ಉಪ್ಪಿನಕಾಯಿ, ಒಣ ತರಕಾರಿ. ಬೇರೆ ಬೇರೆ ದೇಶದ ಬೆಟ್ಟದೂರುಗಳಲ್ಲೂ ಇವು ಕಾಣುತ್ತವೆ. ಬೆಳೆ ಬರುವ ಕಾಲ ಚಿಕ್ಕದು, ಚಳಿಗಾಲ ಉದ್ದ. ಬೇಸಿಗೆಯ ಹಾಲನ್ನು ಚಳಿಗಾಲದವರೆಗೆ ಹಾಗೇ ಇಡಲಾಗದು, ಚೀಸ್ ಮಾಡಿದರೆ ಇಡಬಹುದು.

ಎತ್ತರದಿಂದ ತಲೆನೋವು, ವಾಂತಿ ಬರುತ್ತಾ?

2,500 ಮೀಟರಿಗಿಂತ ಕೆಳಗಿನ ಊರುಗಳಲ್ಲಿ ಅಷ್ಟಾಗಿ ಚಿಂತೆ ಬೇಡ. ಅದಕ್ಕಿಂತ ಮೇಲಾದರೆ ಬಂದ ದಿನವೇ ಫುಡ್ ವಾಕ್ ಬುಕ್ ಮಾಡಬೇಡಿ. ಎತ್ತರದ ತೊಂದರೆ ಸಾಮಾನ್ಯವಾಗಿ ತಲುಪಿದ ಕೆಲವು ಗಂಟೆಗಳ ನಂತರ ಶುರುವಾಗುತ್ತದೆ. ತಲೆನೋವು, ಓಕರಿಕೆ, ಸುಸ್ತು, ಊಟವೇ ಬೇಡ ಅನ್ನಿಸುವುದು. ಹಸಿವೇ ಇಲ್ಲದವರಿಗೆ ಫುಡ್ ವಾಕ್ ಅಂದರೆ ಶಿಕ್ಷೆ.

ಇಲ್ಲಿ ಒಂದು ಗೊಂದಲ ಆಗುತ್ತದೆ. ಬಂದವರು, ನಿಮ್ಮ ತಿಂಡಿಯಿಂದ ಹೀಗಾಯ್ತು ಅನ್ನುತ್ತಾರೆ. ಜ್ವರ, ಭೇದಿ ಇದ್ದರೆ ಅದು ಊಟದ ತೊಂದರೆ ಇರಬಹುದು, ಎತ್ತರದಿಂದ ಸಾಮಾನ್ಯವಾಗಿ ಅವು ಬರುವುದಿಲ್ಲ. ಓಕರಿಕೆಯ ಜೊತೆಗೆ ತಲೆನೋವೂ ಇದ್ದರೆ ಎತ್ತರವೇ ಎಂದುಕೊಂಡು ಇನ್ನೂ ಮೇಲೆ ಹತ್ತುವುದನ್ನು ನಿಲ್ಲಿಸಿ. ನಡೆಯುವಾಗ ತೂರಾಡುವಂತಾದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ ಕಾಯಬಾರದು. ತಕ್ಷಣ ಕೆಳಗೆ ಇಳಿಸಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು.

ದಾರಿಯಲ್ಲಿ ಸ್ವಲ್ಪ ಡ್ರಿಂಕ್ಸ್ ಇರುತ್ತಾ?

ಕೆಲವು ವಾಕುಗಳಲ್ಲಿ ಇರುತ್ತದೆ. ಎತ್ತರದ ಊರಾದರೆ ಮೊದಲ ಎರಡು ದಿನ ಬೇಡ. ಇನ್ನುಳಿದಂತೆ ಕೊನೆಯ ನಿಲ್ದಾಣದಲ್ಲಿ ಮಾತ್ರ, ಇಳಿಯುವ ಮೆಟ್ಟಿಲೆಲ್ಲ ಮುಗಿದ ಮೇಲೆ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ನಾವು ಪೂರ್ತಿ ಸಸ್ಯಾಹಾರಿಗಳು. ತೊಂದರೆ ಇಲ್ವಾ?

ಎಲ್ಲೆಡೆ ಏನಾದರೂ ಸಿಗುತ್ತದೆ. ಆದರೆ "ವೆಜ್ಜಾ?" ಎಂದು ಒಂದೇ ಮಾತಲ್ಲಿ ಕೇಳಿದರೆ "ಹೌದು" ಎಂದು ಒಂದೇ ಮಾತಲ್ಲಿ ಉತ್ತರ ಬರುತ್ತದೆ. ಬಿಡಿಸಿ ಕೇಳಿ. ಸೂಪಿನ ನೀರು ಮೂಳೆ ಕುದಿಸಿದ್ದೋ? ಕರಿಯಲು ಎಣ್ಣೆಯೋ ಕೊಬ್ಬೋ? ಸೌಟು ಒಂದೇನಾ?

ಬಹಳ ಜನಕ್ಕೆ ಗೊತ್ತಿರದ ವಿಷಯ ಚೀಸಿನದು. ಹಾಲು ಗಟ್ಟಿಯಾಗಲು ರೆನೆಟ್ ಅನ್ನುವುದನ್ನು ಹಾಕುತ್ತಾರೆ. ಹಳೆಯ ಕ್ರಮದಲ್ಲಿ ಅದು ಎಳೆಗರುವಿನ ಹೊಟ್ಟೆಯಿಂದ ಬರುವಂಥದ್ದು. ಗಿಡಮೂಲದ್ದು, ಸೂಕ್ಷ್ಮಜೀವಿಗಳಿಂದ ಮಾಡಿದ್ದೂ ಇವೆ. ನಿಮಗೆ ಇದು ಮುಖ್ಯ ಅನ್ನಿಸಿದರೆ ಗೈಡ್‌ಗೆ ಮೊದಲೇ ತಿಳಿಸಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಎರಡು ದಿನ ಮೊದಲು ಹೇಳಿದರೆ ಬೇರೆ ಪಾತ್ರೆಯಲ್ಲಿ ಮಾಡಿಸಬಹುದು. ಬಾಗಿಲಲ್ಲಿ ನಿಂತು ಹೇಳಿದರೆ ಹಣ್ಣು ಮಾತ್ರ.

ಅಲರ್ಜಿ ಇದ್ದರೆ?

ಬುಕ್ ಮಾಡುವಾಗ ಬರೆದು ತಿಳಿಸಿ, ವಾಕಿನ ದಿನ ಬಾಯಲ್ಲಿ ಇನ್ನೊಮ್ಮೆ ಹೇಳಿ. ಯುರೋಪಿನ ನಿಯಮದಲ್ಲಿ ಅಲರ್ಜಿ ತರಬಲ್ಲ 14 ಪದಾರ್ಥಗಳು ತಿಂಡಿಯಲ್ಲಿದ್ದರೆ ಗಿರಾಕಿಗೆ ತಿಳಿಸಲೇಬೇಕು. ಅಮೆರಿಕದಲ್ಲಿ 2023ರಿಂದ ಎಳ್ಳೂ ಸೇರಿ ಒಂಬತ್ತು. ಮನೆಯ ಅಡುಗೆಕೋಣೆಯಲ್ಲಿ ಇಂಥ ಚೀಟಿ ಅಂಟಿಸಿರುವುದಿಲ್ಲ. ಒಂದೇ ಬಾಣಲೆ, ಒಂದೇ ಎಣ್ಣೆ. ಕಡಲೆಕಾಯಿಯ ಒಂದು ಚೂರು ತಗುಲಿದರೂ ಉಸಿರು ಕಟ್ಟುವಂಥ ಅಲರ್ಜಿ ಇದ್ದರೆ, ನಾನೇ ಬರಬೇಡಿ ಅನ್ನುವುದೂ ಉಂಟು. ಬೇಜಾರು ಮಾಡಿಕೊಳ್ಳಬೇಡಿ. ಪುಟ್ಟ ಊರಿನಲ್ಲಿ ದೊಡ್ಡ ಆಸ್ಪತ್ರೆ ಹತ್ತಿರ ಇರುವುದಿಲ್ಲ. ಅಡ್ರಿನಲಿನ್ ಪೆನ್ (ಜೋರು ಅಲರ್ಜಿ ಆದಾಗ ತಕ್ಷಣ ಚುಚ್ಚಿಕೊಳ್ಳುವ ಔಷಧಿ) ಇದ್ದರೆ ಅದು ಕೈಚೀಲದಲ್ಲಿರಲಿ, ಹೋಟೆಲ್ ರೂಮಿನಲ್ಲಲ್ಲ.

ಗೋಧಿ ಆಗದವರಿಗೆ ಒಂದು ಮಾತು. ಚಳಿ ಊರುಗಳಲ್ಲಿ ಬೆಳೆಯುವ ಬಕ್‌ವೀಟ್‌ನ ಹೆಸರಲ್ಲಿ ವೀಟ್ ಇದ್ದರೂ ಅದು ಗೋಧಿ ಜಾತಿಯೇ ಅಲ್ಲ, ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಅಂಟು ಪ್ರೋಟೀನ್ ಇದರಲ್ಲಿ ಇಲ್ಲ. ಆದರೆ ಹಿಟ್ಟು ಅಂಟಿಕೊಂಡು ಬರಲಿ ಎಂದು ಅದಕ್ಕೆ ಗೋಧಿ ಬೆರೆಸುವ ರೂಢಿ ಇದೆ. ಕೇಳದೆ ಬಾಯಿಗಿಡಬೇಡಿ.

ಶುಗರ್ ಇದೆ. ಬರಬಹುದಾ?

ಬರಬಹುದು. ತಿಂದ ಮೇಲೆ ನಡೆಯುವುದು ಶುಗರ್ ಇದ್ದವರಿಗೆ ಒಳ್ಳೆಯದೇ. ಆದರೆ ಇನ್ಸುಲಿನ್ ಅಥವಾ ಶುಗರ್ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರಿಗೆ ಏರು ದಾರಿಯಲ್ಲಿ ಅದು ಕುಸಿಯಬಹುದು. ಡೋಸ್ ಬಗ್ಗೆ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಕೈ ನಡುಗಿ ಬೆವರು ಬಂದರೆ 15 ಗ್ರಾಂ, ಅಂದರೆ ಮೂರು ಟೀ ಚಮಚದಷ್ಟು ಸಕ್ಕರೆ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡಿಕೊಳ್ಳಿ. ಮುಂದಿನ ಅಂಗಡಿ ಹತ್ತಿರವೇ ಇದೆಯಲ್ಲ ಎಂದು ಕಾಯಬೇಡಿ. ಕೊರೆಯುವ ಚಳಿಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಂತೆ, ಕೋಟಿನ ಒಳಜೇಬಿನಲ್ಲಿ ಇಡಿ.

ಗರ್ಭಿಣಿಯರು, ಚಿಕ್ಕ ಮಕ್ಕಳು?

ಗರ್ಭಿಣಿಯರಿಗೆ ಹಸಿ ಹಾಲು, ಹಸಿ ಹಾಲಿನ ಮೆತ್ತನೆ ಚೀಸ್ ಬೇಡ. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಭಯ. ಈಗ ತಾನೇ ಕರೆದದ್ದು, ಶುದ್ಧ, ಎಂದು ಪ್ರೀತಿಯಿಂದ ಕೊಟ್ಟರೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು. ಮೆಟ್ಟಿಲಿನ ಊರಿಗೆ ತಳ್ಳುಗಾಡಿ ತಂದರೆ ಬೆಟ್ಟಕ್ಕೆ ಕಲ್ಲು ಹೊತ್ತ ಹಾಗೆ. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ತನ್ನಿ.

ನೀರು ಕುಡಿಯಬಹುದಾ? ಹೊಟ್ಟೆ ಕೆಡಲ್ವಾ?

ತೊರೆಯ ನೀರು ತಣ್ಣಗೆ, ತಿಳಿಯಾಗಿ ಇರುತ್ತದೆ. ಮೇಲೆ ದನ ಮೇಯುತ್ತಿರುವುದು ಕೆಳಗಿರುವ ನಮಗೆ ಕಾಣುವುದಿಲ್ಲ, ಅಷ್ಟೇ. ಕುದಿಸಿದ ನೀರು ಕುಡಿಯಿರಿ. ಸಾಮಾನ್ಯವಾಗಿ ಒಂದು ನಿಮಿಷ ಕೊತಕೊತ ಕುದಿದರೆ ಸಾಕು. 2,000 ಮೀಟರ್ ದಾಟಿದ ಮೇಲೆ ಮೂರು ನಿಮಿಷ ಬೇಕು, ಕಾರಣ ಆಗಲೇ ಹೇಳಿದೆನಲ್ಲ.

ತಿಂಡಿಯ ವಿಷಯದಲ್ಲಿ ನಾನು ನೋಡುವುದು ಒಂದೇ. ಬಿಸಿಯದು ಹಬೆಯಾಡುತ್ತಿರಬೇಕು, ತಣ್ಣನೆಯದು ತಣ್ಣಗಿರಬೇಕು. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಚಳಿ ಊರಲ್ವಾ, ಹೊರಗಿಟ್ಟರೂ ಏನೂ ಆಗಲ್ಲ ಎಂದು ಅಂಗಡಿಯವರು ಅಂದರೆ ನಾನು ಒಪ್ಪುವುದಿಲ್ಲ. ಒಲೆಯ ಪಕ್ಕದ ಕಪಾಟು ಚಳಿಯಲ್ಲಿರುವುದಿಲ್ಲ.

ಬಟ್ಟೆ, ಚಪ್ಪಲಿ?

ರಬ್ಬರ್ ಅಡಿಯ, ಹಿಡಿತ ಇರುವ ಶೂ. ಒದ್ದೆ ಕಲ್ಲಿನ ಮೇಲೆ ಹೊಸ ಚರ್ಮದ ಶೂ ಹಾಕಿ ಬಂದವರು ಜಾರುಬಂಡಿ ಆಡುತ್ತಾರೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಚಳಿ ಜಾಸ್ತಿ. ದಪ್ಪ ಕೋಟು ಒಂದರ ಬದಲು ತೆಳು ಬಟ್ಟೆ ಎರಡು ಮೂರು ಪದರ ಹಾಕಿ. ಏರುವಾಗ ಒಂದು ಬಿಚ್ಚುತ್ತೀರಿ, ನಿಂತು ತಿನ್ನುವಾಗ ಮತ್ತೆ ಹಾಕುತ್ತೀರಿ. ಚಳಿ ಇದೆ ಎಂದು ಬಿಸಿಲನ್ನು ಮರೆಯಬೇಡಿ, ಚರ್ಮ ಸುಡುವ ಕಿರಣಗಳು ಸಾವಿರ ಮೀಟರಿಗೆ ಶೇಕಡಾ 10ರಷ್ಟು ಏರುತ್ತವೆ. ಟೋಪಿ ತನ್ನಿ.

ಬೆಳಗ್ಗೆ ಒಳ್ಳೇದೋ ಸಂಜೆಯೋ?

ಬೆಳಗ್ಗೆ. ಬೇಸಿಗೆಯಲ್ಲಿ ಬಿಸಿಲೇರಿದಂತೆ ಇಳಿಜಾರಿನ ಗಾಳಿ ಕಾದು ಮೇಲೇರಿ ಮೋಡ ಕಟ್ಟುತ್ತದೆ. ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೇಕರಿಯ ಬಿಸಿ ಬ್ರೆಡ್ಡೂ ಬೆಳಗ್ಗೆಯೇ. ಸಣ್ಣ ಮಳೆಗೆ ವಾಕ್ ನಿಲ್ಲುವುದಿಲ್ಲ. ಸಿಡಿಲಿಗೆ ನಿಲ್ಲುತ್ತದೆ.

ಫೋನಲ್ಲಿ ಮ್ಯಾಪ್ ಇದೆ, ರಿವ್ಯೂ ಇದೆ. ಗೈಡ್ ಯಾಕೆ?

ಅಂಗಡಿ ಹುಡುಕಲು ಬೇಡ ನಿಜ. ನನ್ನ ವಾಕಿನ ಒಳ್ಳೆಯ ನಿಲ್ದಾಣಗಳಿಗೆ ಬೋರ್ಡೇ ಇಲ್ಲ. ಅಜ್ಜಿಯ ಮನೆ ಯಾವ ಮ್ಯಾಪಿನಲ್ಲೂ ಹೋಟೆಲ್ ಅಂತ ಬರುವುದಿಲ್ಲ. ಅವರ ಬಾಗಿಲು ತಟ್ಟಲು ಯಾರಾದರೂ ಪರಿಚಯದವರು ಬೇಕು. ಗೈಡ್‌ಗೆ ಕೊಡುವ ದುಡ್ಡಿನ ಬಹುಭಾಗ ಆ ಪರಿಚಯಕ್ಕೆ.

ಒಳ್ಳೆಯ ಗೈಡ್ ಯಾರು ಎಂದು ಗೊತ್ತಾಗಬೇಕಾ? ಒಟ್ಟು ಎಷ್ಟು ಮೀಟರ್ ಏರು, ಗುಂಪಿನಲ್ಲಿ ಎಷ್ಟು ಜನ, ಶೌಚಾಲಯ ಎಲ್ಲೆಲ್ಲಿ, ಈ ಮೂರು ಕೇಳಿ. ತಡವರಿಸದೆ ಹೇಳಿದರೆ ಬುಕ್ ಮಾಡಿ. ಹತ್ತು ಜನ ದಾಟಿದ ಗುಂಪು ಸಣ್ಣ ಅಡುಗೆಕೋಣೆಯೊಳಗೆ ಹಿಡಿಸುವುದಿಲ್ಲ. ಕೊನೆಯಲ್ಲಿ ನಿಂತವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ.

ಕೊನೇ ಗಳಿಗೆಯಲ್ಲಿ ಬರೋಕಾಗದಿದ್ರೆ ದುಡ್ಡು ವಾಪಸ್ ಬರುತ್ತಾ?

ಹಿಂದಿನ ದಿನ ಮಧ್ಯಾಹ್ನದೊಳಗೆ ಹೇಳಿದರೆ ಬಹಳ ಗೈಡ್‌ಗಳು ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ರಾತ್ರಿ ಹೇಳಿದರೆ ಕಷ್ಟ. ಅಷ್ಟೊತ್ತಿಗೆ ಕಾಳು ನೆನೆಹಾಕಿ ಆಗಿರುತ್ತದೆ. ನೆನೆದ ಕಾಳನ್ನು ಮತ್ತೆ ಡಬ್ಬಿಗೆ ತುಂಬಲಾಗುವುದಿಲ್ಲ ಅಲ್ವಾ.

ಫೋಟೋ ತೆಗೀಬಹುದಾ?

ತಟ್ಟೆಯದು ಧಾರಾಳವಾಗಿ. ಮನುಷ್ಯರದು ಕೇಳಿ. ಬಿಸಿ ಇದ್ದಾಗಲೇ ತಿನ್ನಬೇಕಾದದ್ದನ್ನು ನಾಲ್ಕು ಕೋನದಿಂದ ತೆಗೆಯುತ್ತ ನಿಂತರೆ ಅಡುಗೆ ಮಾಡಿದವರ ಮುಖ ಸಣ್ಣದಾಗುತ್ತದೆ.

ಯಾವುದಾದ್ರೂ ಇಷ್ಟ ಆಗದಿದ್ರೆ?

ಬಿಟ್ಟುಬಿಡಿ. ಮೊದಲು ಸ್ವಲ್ಪವೇ ಹಾಕಿಸಿಕೊಳ್ಳಿ, ಹಿಡಿಸಿದರೆ ಮತ್ತೆ ಕೇಳಿ. ಹುದುಗು ಬಂದ ಪದಾರ್ಥಗಳು ಮೊದಲ ತುತ್ತಿಗೆ ಮುಖ ಕಿವುಚಿಸುತ್ತವೆ. ಎರಡನೇ ತುತ್ತು ತಿಂದು ನೋಡಿ ಎಂದು ಒಂದು ಸಲ ಹೇಳುತ್ತೇನೆ, ಒತ್ತಾಯ ಮಾಡುವುದಿಲ್ಲ.

ಮಿಕ್ಕಿದ್ದನ್ನು ಕಟ್ಟಿಸಿಕೊಂಡು ಹೋಗಬಹುದಾ?

ಒಣ ತಿಂಡಿಯಾದರೆ ಆಯ್ತು. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ ತಿನ್ನಿ, ಇಲ್ಲವೇ ಫ್ರಿಜ್ಜಿಗೆ ಹಾಕಿ. ಉಪ್ಪಿನಕಾಯಿ ಬಾಟಲಿ ಕೊಂಡವರು ಊರಿಗೆ ಇಳಿದ ಮೇಲೆ ಮುಚ್ಚಳ ಬಿಗಿಯಾಗಿದೆ ಎಂದು ಫೋನ್ ಮಾಡುತ್ತಾರೆ. ಮೇಲಿನ ತೆಳುಗಾಳಿಯಲ್ಲಿ ಮುಚ್ಚಿದ್ದು, ಕೆಳಗೆ ಬಂದರೆ ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಬಿಸಿನೀರಿನಲ್ಲಿ ಮುಚ್ಚಳವನ್ನು ಒಂದು ನಿಮಿಷ ಅದ್ದಿ ತಿರುಗಿಸಿ, ಬರುತ್ತದೆ. ಕೆಳಗಿನಿಂದ ತಂದ ಚಿಪ್ಸ್ ಪ್ಯಾಕೆಟ್ಟಿನದು ಇದರ ಉಲ್ಟಾ, ಮೇಲೆ ಬಂದಂತೆ ಬಲೂನಿನ ಹಾಗೆ ಉಬ್ಬುತ್ತದೆ. ಅದನ್ನು ನನ್ನ ವಾಕಿನಲ್ಲಿ ಒಡೆಯಬೇಡಿ, ಸಾಕಷ್ಟು ತಿನ್ನುವುದಿದೆ.